ಮೊದಲ ಸಲಕ್ಕೇ ದಾರ ಎಳೆಯಬೇಡಿ

ಬೆಕ್ಕು ಹಿಡಿಯುವುದೂ ಒಂದು ಕೆಲಸವೇ ಎಂದು ನಮ್ಮ ಬೀಗಿತ್ತಿ ನನ್ನ ಮಗಳ ಮದುವೆಯ ಮಾತುಕತೆಯಲ್ಲೇ, ಎಲ್ಲರ ಮುಂದೆ ಕೇಳಿದ್ದರು. ಹೌದು, ಕೆಲಸವೇ. ಬೆಳಿಗ್ಗೆ ಹೋಗಬೇಕು, ಸಂಜೆ ಬರಬೇಕು, ಮಧ್ಯೆ ಪರಚಿಸಿಕೊಳ್ಳಬೇಕು, ತಿಂಗಳಾದರೆ ಸಂಬಳ. ಬನಶಂಕರಿಯಿಂದ ಆಚೆ, ಬೀದಿ ಪ್ರಾಣಿಗಳಿಗೆ ಔಷಧ ಮಾಡಿ, ಮರಿ ಆಗದಂತೆ ಆಪರೇಷನ್ ಮಾಡಿ ಬಿಡುವ ಒಂದು ಶೆಡ್ಡಿನಲ್ಲಿ ನನ್ನ ಮೊಣಕಾಲು ಮಾತು ಕೇಳುವ ತನಕ ದುಡಿದೆ. ಈಗ ಮನೆಯಲ್ಲಿದ್ದೇನೆ. ಅಲ್ಲಿಗೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ಅಜ್ಜಿ, ತಾಯಿ ಸಿಕ್ತು, ಮರಿಗಳು ಎಲ್ಲಿವೆ ಗೊತ್ತಾಗ್ತಿಲ್ಲ" ಎನ್ನುತ್ತಾರೆ. ಇಲ್ಲವೆಂದರೆ "ಮರಿ ತಂದ್ಬಿಟ್ವಿ, ತಾಯಿ ಹತ್ರಾನೇ ಬರ್ತಿಲ್ಲ" ಎನ್ನುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಬರೆದೇಬಿಡುತ್ತೇನೆ.

ನನಗೆ ಬೆಕ್ಕಿನ ಮೇಲೆ ಪ್ರೀತಿ ಇತ್ತೆಂದು ಯಾರೂ ತಿಳಿಯಬೇಡಿ. ಇವತ್ತಿಗೂ ನಮ್ಮ ಮನೆಯಲ್ಲಿ ಬೆಕ್ಕಿಲ್ಲ, ಬಂದರೆ ಓಡಿಸುತ್ತೇನೆ. ನಾನು ಶೆಡ್ಡಿಗೆ ಸೇರಿದ್ದು ಪಂಜರ ತೊಳೆಯುವುದಕ್ಕೆ. ಅದಕ್ಕೆ ಮೊದಲು ಜಯನಗರದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಪಾತ್ರೆ ಬಿಟ್ಟು ಪಂಜರ ಹಿಡಿದೆ, ಅಷ್ಟೇ ವ್ಯತ್ಯಾಸ. ಪ್ರೀತಿ ಇಲ್ಲದೆಯೂ ಈ ಕೆಲಸವನ್ನು ಚೆನ್ನಾಗಿ ಮಾಡಬಹುದು. ಪ್ರೀತಿ ಜಾಸ್ತಿ ಇರುವವರು ಬೆಕ್ಕನ್ನು ಕಂಡ ಕೂಡಲೇ "ಚಿನ್ನಾ, ಬಂಗಾರಾ" ಎಂದು ಕೈ ಚಾಚುತ್ತಾರೆ, ಅದು ಕಾಂಪೌಂಡು ಹಾರಿ ಹೋಗುತ್ತದೆ. ಆಮೇಲೆ ಚಿನ್ನವೂ ಇಲ್ಲ, ಬಂಗಾರವೂ ಇಲ್ಲ.

ಆಗ ಇದ್ದ ಮ್ಯಾನೇಜರ್ ಸಾರ್‌ಗೆ ಎಲ್ಲವೂ ಬೇಗ ಆಗಬೇಕಿತ್ತು. ಬಲೆ, ಗೋಣಿಚೀಲ, ದಪ್ಪ ಕೈಗವಸು ಹಾಕಿಕೊಂಡ ಇಬ್ಬರು ಗಂಡಸರು, ಇಷ್ಟೇ ಅವರ ಪದ್ಧತಿ. ಬೆಕ್ಕು ಸಿಕ್ಕುತ್ತಿತ್ತು, ಇಲ್ಲ ಎನ್ನಬಾರದು. ಆದರೆ ಶೆಡ್ಡಿಗೆ ಬಂದ ಮೇಲೆ ಗೋಡೆಗೆ ಮುಖ ಮಾಡಿ ಕೂತು ಅನ್ನ ನೀರು ಬಿಡುತ್ತಿತ್ತು. ಎಷ್ಟೋ ಸಲ ಮೇಜಿನ ಮೇಲೆ ಮಲಗಿಸಿ ಹೊಟ್ಟೆ ನೋಡಿದ ಮೇಲೆಯೇ ಇದು ಹಾಲೂಡುವ ತಾಯಿ ಎಂದು ಗೊತ್ತಾಗುತ್ತಿತ್ತು. ಮರಿಗಳು ಯಾವ ಬೀದಿಯ ಯಾವ ಮೂಲೆಯಲ್ಲಿ ಅಳುತ್ತಿವೆಯೋ, ಹೇಳುವವರು ಯಾರು?

ಹೊಸ ಡಾಕ್ಟರ್ ಮೇಡಂ ಬಂದ ವಾರವೇ ಇಂಥ ಒಂದು ತಾಯಿ ಅವರ ಮೇಜಿನ ಮೇಲೆ ಬಂತು. ಮೇಡಂ ಕಡ್ಡಿಯ ಹಾಗಿದ್ದರು, ಮಾತು ಕಡಿಮೆ. ಮ್ಯಾನೇಜರ್ ಸಾರ್‌ರನ್ನು ಕರೆದು "ಇದರ ಮಕ್ಕಳೆಲ್ಲಿ?" ಎಂದರು.

"ಹುಡುಕಿಸ್ತೀನಿ ಮೇಡಂ, ನೀವು ಆಪರೇಷನ್ ಮುಗಿಸಿ."

"ಹುಡುಕ್ಸಿ. ಅಲ್ಲಿವರೆಗೂ ನಾನು ಕತ್ತರಿ ಮುಟ್ಟಲ್ಲ."

ಆ ತಾಯಿಯನ್ನು ಹಿಡಿದ ಜಾಗಕ್ಕೇ ವಾಪಸ್ ಬಿಟ್ಟು ಬಂದೆವು. ಅವತ್ತಿನಿಂದ ನಮ್ಮ ಶೆಡ್ಡಿನಲ್ಲಿ ಒಂದು ಕಟ್ಟಳೆಯಾಯಿತು. ತಾಯಿ, ಮರಿ ಎಲ್ಲ ಒಂದೇ ವ್ಯಾನಿನಲ್ಲಿ ಬರಬೇಕು, ಇಲ್ಲವೆಂದರೆ ಒಂದೂ ಬರಬಾರದು. ಮೇಡಂ ಪಂಜರ ತೊಳೆಯುವ ಜಾಗಕ್ಕೆ ಬಂದು ನನ್ನನ್ನು ಕೇಳಿದರು, "ನಂಜಮ್ಮ, ನಿಮಗೆ ಸುಮ್ನೆ ಕೂತ್ಕೊಳೋಕೆ ಬರತ್ತಾ?"

"ಬತ್ತದೆ ಮೇಡಂ. ಇಲ್ಲಿವರ್ಗೂ ಯಾರೂ ಕೂರಕ್ಕೆ ಬಿಟ್ಟಿಲ್ಲ, ಅಷ್ಟೇಯ."

ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕೈಗೆ ಬೋನು ಬಂದದ್ದು ಹೀಗೆ. ಆ ಹೆಣ್ಣುಮಗಳಿಗೆ ನಾನು ಬದುಕಿರುವ ತನಕ ಋಣಿ. ಕೂತು ಮಾಡುವ ಕೆಲಸವೂ ಲೋಕದಲ್ಲಿ ಇದೆ ಎಂದು ತೋರಿಸಿಕೊಟ್ಟವರು ಅವರು.

ಬೋನಿನ ವಿಷಯ ಇಷ್ಟು. ಅದೊಂದು ಉದ್ದನೆಯ ತಂತಿಯ ಪಂಜರ. ಒಳಗೆ ಒಂದು ತಗಡು ಇರುತ್ತದೆ, ಬೆಕ್ಕು ಅದನ್ನು ತುಳಿದರೆ ಬಾಗಿಲು ತಾನೇ ಬೀಳುತ್ತದೆ. ತಾಯಿಗೆ ಈ ತಗಡು ಬೇಡ. ಬಾಗಿಲನ್ನು ಎತ್ತಿ, ಕೆಳಗೆ ನೀರು ತುಂಬಿದ ಬಾಟಲಿ ನಿಲ್ಲಿಸಿ, ಬಾಟಲಿಯ ಕತ್ತಿಗೆ ದಾರ ಕಟ್ಟಬೇಕು. ದಾರದ ಇನ್ನೊಂದು ತುದಿ ನಿಮ್ಮ ಕೈಯಲ್ಲಿ. ಎಳೆದರೆ ಬಾಟಲಿ ಸರಿಯುತ್ತದೆ, ಬಾಗಿಲು ಬೀಳುತ್ತದೆ. ಯಾರ ಮೇಲೆ, ಯಾವಾಗ ಬೀಳಬೇಕು ಎನ್ನುವುದು ತಗಡಿಗೆ ಗೊತ್ತಿಲ್ಲ, ನಿಮಗೆ ಗೊತ್ತಿರಬೇಕು.

ತಗಡಿನ ಬುದ್ಧಿ ನಮಗೆ ತಿಳಿದದ್ದು ಪುಟ್ಟೇನಹಳ್ಳಿ ಕೆರೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ. ನಮ್ಮ ವ್ಯಾನಿನ ಡ್ರೈವರ್ ಮುನಿರಾಜು ಮತ್ತು ನಾನು ಬೋನಿಟ್ಟು ಟೀ ಕುಡಿಯಲು ಹೋದೆವು. ಬರುವಷ್ಟರಲ್ಲಿ ಬಾಗಿಲು ಬಿದ್ದಿತ್ತು, ಒಳಗೆ ದಬದಬ ಸದ್ದು. ಬೆದರಬಾರದೆಂದು ಮೇಲೆ ಬೆಡ್‌ಶೀಟು ಮುಚ್ಚಿದೆವು. ಅಪಾರ್ಟ್‌ಮೆಂಟಿನ ಹೆಂಗಸರು, ಮಕ್ಕಳು ಸುತ್ತ ನಿಂತು ಚಪ್ಪಾಳೆ ತಟ್ಟಿದರು, ವಿಡಿಯೋ ಮಾಡಿದರು. ಒಬ್ಬ ಮೇಡಂ "ಹುಷಾರಾಗಿ ಕರ್ಕೊಂಡ್ ಹೋಗಿ ಅಣ್ಣ, ಪಾಪ ಪ್ರೆಗ್ನೆಂಟು" ಎಂದು ಕಣ್ಣೊರೆಸಿಕೊಂಡರು. ಶೆಡ್ಡಿಗೆ ತಂದು ಬೆಡ್‌ಶೀಟು ತೆಗೆದರೆ, ಮೊಲದ ಗಾತ್ರದ ಹೆಗ್ಗಣ.

"ಅಕ್ಕೋ, ಇದ್ಯಾವ ಜಾತಿ ಬೆಕ್ಕು?" ಎಂದ ಮುನಿರಾಜು.

ಡಾಕ್ಟರ್ ಮೇಡಂ ಒಮ್ಮೆ ಬಗ್ಗಿ ನೋಡಿ, "ಆಪರೇಷನ್ ಬೇಡ, ಬಿಟ್ಬನ್ನಿ" ಎಂದು ಒಳಗೆ ಹೋದರು. ಬೆಡ್‌ಶೀಟು ಮುಚ್ಚುವ ಮೊದಲು ಒಂದು ಮೂಲೆ ಎತ್ತಿ ನೋಡಿರಿ, ಹುಡುಗಿಯರೇ. ಚಪ್ಪಾಳೆ ನಂಬಬೇಡಿ.

ಬಿಟಿಎಂನಲ್ಲಿ ಒಬ್ಬ ಹುಡುಗಿ ಇದ್ದಳು, ಗದಗದ ಕಡೆಯವಳು. ಆಫೀಸಿಗೆ ಹೋಗುತ್ತಿದ್ದಳು, ತಾರಸಿಯ ಮೇಲೆ ಒಂದು ರೂಮು ಬಾಡಿಗೆಗೆ ಹಿಡಿದಿದ್ದಳು. "ಬೆಕ್ಕು ನಂದಲ್ರೀ ಅಜ್ಜಿ, ನಾನ ಅದರಾಕಿ ಆಗೇನಿ" ಎಂದಳು. ನಾವು ಒಣಮೀನು ಇಟ್ಟೆವು, ಕೋಳಿ ಇಟ್ಟೆವು, ಬೆಕ್ಕು ನೀರಿನ ಟ್ಯಾಂಕಿನ ಮೇಲಿಂದ ಇಳಿಯಲೇ ಇಲ್ಲ. ಅವಳು ಆಫೀಸಿನಿಂದ ಬಂದು, ಚಪ್ಪಲಿ ಬಿಟ್ಟು, ತಾಟಿಗೆ ಚಮಚ ಬಡಿದು "ಬಾರಲೇ, ಉಣ್ಣು ಬಾ" ಎಂದಳು. ಬೆಕ್ಕು ಇಳಿದು ಬಂದು ನಾನಿಟ್ಟ ಬೋನಿನೊಳಗೆ ಮದುವಣಗಿತ್ತಿಯ ಹಾಗೆ ಹೋಗಿ ಕೂತಿತು. ಆ ಹುಡುಗಿಯಿಂದ ಕಲಿತದ್ದು ಏನೆಂದರೆ, ಬೆಕ್ಕಿಗೆ ಹೊಸ ರುಚಿ ತೋರಿಸಬಾರದು, ಹಳೆಯ ಅಭ್ಯಾಸ ಹಿಡಿಯಬೇಕು. ಆ ಅಭ್ಯಾಸ ಆ ಜಾಗದಲ್ಲಿ ಇರುವವರಿಗೆ ಗೊತ್ತಿರುತ್ತದೆ, ನಮಗಲ್ಲ.

ಈಗ ತ್ಯಾಗರಾಜನಗರಕ್ಕೆ ಬರುತ್ತೇನೆ. ನಾನು ಬರೆಯಲು ಕೂತದ್ದೇ ಅದಕ್ಕೆ.

ಬೆಳಿಗ್ಗೆ ಶೆಡ್ಡಿಗೆ ಒಂದು ಫೋನ್ ಬಂತು. ಹೆಣ್ಣಿನ ದನಿ, ಪಿಸುಮಾತು. "ಆಂಟಿ, ನನ್ನ ಹೆಸರು ರಶ್ಮಿ. ಬಾಣಂತಿ, ಎದ್ದು ಓಡಾಡೋ ಹಾಗಿಲ್ಲ. ನನ್ನ ಕೋಣೆಯ ಅಟ್ಟದ ಮೇಲೆ ಬೆಕ್ಕಿನ ಮರಿ ಅಳ್ತಿವೆ. ತಾಯಿ ನಿನ್ನೆಯಿಂದ ಇಲ್ಲ. ಸಂಜೆ ಅಪ್ಪ ಯಾರನ್ನೋ ಕರೆಸಿ ಚೀಲಕ್ಕೆ ಹಾಕಿಸ್ತಾರಂತೆ. ಅಷ್ಟರೊಳಗೆ ಬಂದ್ಬಿಡಿ, ಪ್ಲೀಸ್." ಹಿಂದಿನಿಂದ ಒಂದು ಮಗು ಅಳುತ್ತಿತ್ತು. ಅದರ ಹಿಂದೆ ಇನ್ನೂ ಸಣ್ಣ ಅಳು, ಅದು ಮಗುವಿನದಲ್ಲ.

ಹಳೆಯ ಕಾಲದ ಮನೆ, ಮುಂದೆ ಪಾರಿಜಾತದ ಗಿಡ. ಬಾಗಿಲಲ್ಲಿ ರಶ್ಮಿಯ ತಾಯಿ ಪದ್ಮಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

"ನಿಮ್ಮನ್ನ ಯಾರು ಕರೆಸಿದ್ದು?"

"ನಿಮ್ಮ ಮಗಳು, ಅಮ್ಮಾವ್ರೆ."

"ಬಾಣಂತಿ ಫೋನ್ ನೋಡಬಾರದು, ಕಣ್ಣು ಹಾಳಾಗತ್ತೆ ಅಂತ ಬಡ್ಕೊಂಡೆ. ಈಗ ನೋಡಿ, ಮನೆಗೆ ಬೋನು ತರಿಸಿದಾಳೆ."

ಪದ್ಮಮ್ಮನ ಯಜಮಾನರು ಮೂರ್ತಿಗಳು ಪೇಪರ್ ಮಡಚಿ ಎದ್ದು ಬಂದರು. "ನಾಳೆ ಮಗೂನ ತೊಟ್ಟಿಲಿಗೆ ಹಾಕೋ ಶಾಸ್ತ್ರ. ಅಳಿಯನ ಕಡೆಯೋರೆಲ್ಲ ಬರ್ತಾರೆ. ಬಾಣಂತಿ ಕೋಣೇಲಿ ಬೀದಿ ಬೆಕ್ಕು ಅಂದ್ರೆ ಏನಂದ್ಕೋತಾರೆ? ಸಂಜೆ ಒಬ್ಬ ಬರ್ತಾನೆ, ಯಡಿಯೂರು ಕೆರೆ ಹತ್ರ ಬಿಟ್ಬರ್ತಾನೆ, ಮುಗೀತು."

"ಈಗ ತಾನೇ ಕಣ್ ಬಿಟ್ಟಿರೋ ಮರಿ ಕೆರೆ ಹತ್ರ ಏನ್ ಮಾಡ್ತವೆ ಸ್ವಾಮಿ? ವಾಕಿಂಗಾ?"

ಅವರು ಹೆಂಡತಿಯ ಮುಖ ನೋಡಿದರು. ದಾರಿ ಬಿಟ್ಟರು, ಅಷ್ಟು ಸಾಕಿತ್ತು.

ಕೋಣೆ ಕತ್ತಲು, ಬಿಸಿ. ಕಿಟಕಿ ಮುಚ್ಚಿತ್ತು. ಸಾಂಬ್ರಾಣಿ, ಹರಳೆಣ್ಣೆ, ಬೆಳ್ಳುಳ್ಳಿ ಎಲ್ಲ ಕಲೆತ ವಾಸನೆ. ಮಂಚದ ಮೇಲೆ ರಶ್ಮಿ, ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಕೂರಿಸಿದ್ದರು. ಅತ್ತು ಅತ್ತು ಮುಖ ಊದಿತ್ತು. ಮಗು ಮಡಿಲಲ್ಲಿ ಕೊಸರಾಡುತ್ತಿತ್ತು. "ಬೆಳಿಗ್ಗೆಯಿಂದ ಮಗೂಗೂ ಸರಿಯಾಗಿ ಹಾಲು ಕೊಟ್ಟಿಲ್ಲ ಇವಳು" ಎಂದು ಪದ್ಮಮ್ಮ ದೂರಿದರು. "ಮೇಲೆ ಅವು ಅಳೋವಾಗ ನಂಗೆ ಆಗಲ್ಲಮ್ಮ" ಎಂದಳು ರಶ್ಮಿ.

ಮುನಿರಾಜು ಏಣಿ ಹಾಕಿ ಹತ್ತಿದ. ಅಟ್ಟದಲ್ಲಿ ಹಳೆಯ ಹಾಸಿಗೆಯ ಮಡಿಕೆಯಲ್ಲಿ ಮೂರು ಮರಿ. ಎರಡು ಕೂಗುತ್ತಿದ್ದವು. ಬೂದಿ ಬಣ್ಣದ ಮೂರನೆಯದು ಕೂಗುವುದನ್ನೂ ಬಿಟ್ಟಿತ್ತು, ಮೈ ತಣ್ಣಗೆ. ಬಾಯಿಯ ಸುತ್ತ ಹಾಲು ಒಣಗಿತ್ತು. ಹಿಂದಿನ ರಾತ್ರಿ ಪದ್ಮಮ್ಮನೇ ಮೊಮ್ಮಗುವಿನ ಒಳಲೆಯಲ್ಲಿ ಹಸುವಿನ ಹಾಲು ಕುಡಿಸಲು ನೋಡಿದ್ದರಂತೆ. ಮನಸ್ಸು ಕೆಟ್ಟದ್ದಲ್ಲ, ಆದರೆ ಹಸುವಿನ ಹಾಲು ಬೆಕ್ಕಿನ ಮರಿಗೆ ಆಗುವುದಿಲ್ಲ. ಅದಕ್ಕಿಂತ ಮೊದಲು ಬೇಕಾದದ್ದು ಶಾಖ. ಡಾಕ್ಟರ್ ಮೇಡಂಗೆ ಫೋನ್ ಮಾಡಿದೆ. "ಬೆಚ್ಚಗೆ ಮಾಡಿ, ತಣ್ಣಗಿರೋ ಮರಿಗೆ ಏನೂ ಕುಡಿಸ್ಬೇಡಿ. ಆದ್ರೆ ನಂಜಮ್ಮ, ಇವತ್ತೇ ತಾಯಿ ಸಿಗಬೇಕು. ಆ ಬೂದಿದು ತಾಯಿ ಇಲ್ದೆ ಉಳಿಯಲ್ಲ" ಎಂದರು.

"ಅದರ ತಾಯಿ ಬಿಟ್ಟು ಹೋಯ್ತು ಕಣಮ್ಮ," ಎಂದರು ಪದ್ಮಮ್ಮ. "ಬೀದಿ ಬೆಕ್ಕು, ಅದಕ್ಕೇನು ಕರುಳಾ?"

"ಬಿಟ್ಟು ಹೋಗಿಲ್ಲ ಅಮ್ಮ. ಎಷ್ಟು ಸಲ ಹೇಳ್ಲಿ?" ರಶ್ಮಿ ಹತ್ತಿ ಕಿತ್ತು ಮಂಚದ ಮೇಲೆ ಎಸೆದಳು. ಆಮೇಲೆ ನನ್ನ ಕಡೆ ತಿರುಗಿ ಎಲ್ಲ ಹೇಳಿದಳು. ಬೆಕ್ಕು ಅಟ್ಟದ ಪಕ್ಕದ ವೆಂಟಿಲೇಟರ್‌ನಿಂದ ಬಂದು ಹೋಗುತ್ತಿತ್ತು. ನಿನ್ನೆ ತಲೆಗೆ ನೀರು ಹಾಕಿದ ಮೇಲೆ ಎಂದಿನಂತೆ ತಾಯಿಗೂ ಮಗುವಿಗೂ ಸಾಂಬ್ರಾಣಿ ಹೊಗೆ ಕೊಟ್ಟರು. ಶಾಸ್ತ್ರದ ಹೊತ್ತಿಗೆ ಶೀತ ಆಗಬಾರದೆಂದು ನಿನ್ನೆ ಕಿಟಕಿಯನ್ನೂ ಬಿಗಿಯಾಗಿ ಹಾಕಿದ್ದರು, ಹೊಗೆಯೆಲ್ಲ ಅಟ್ಟಕ್ಕೇರಿತು. ಬೆಕ್ಕು ಗಾಬರಿಯಾಗಿ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊರಗೆ ಹಾರಿತು. ಉಳಿದವಕ್ಕೆ ವಾಪಸ್ ಬರುವಷ್ಟರಲ್ಲಿ, ಬಾಣಂತಿಗೆ ಗಾಳಿ ಸೋಕಬಾರದೆಂದು ಮೂರ್ತಿಗಳು ವೆಂಟಿಲೇಟರಿಗೆ ರಟ್ಟು, ಹಳೆಯ ಬಟ್ಟೆ ತುರುಕಿ ಮುಚ್ಚಿದ್ದರು.

"ಹೊರಗಿಂದ ರಟ್ಟು ಪರಚ್ತಿತ್ತು ಆಂಟಿ. ತುಂಬಾ ಹೊತ್ತು. ಹೇಳಿದೆ ಇವರಿಗೆ."

"ನಂಗೇನೂ ಕೇಳಿಸ್ಲಿಲ್ಲವಲ್ಲೇ," ಎಂದರು ಪದ್ಮಮ್ಮ.

"ಹತ್ತಿ ಇದ್ದಿದ್ದು ನನ್ನ ಕಿವೀಲಿ ಅಮ್ಮ, ನಿನ್ನ ಕಿವೀಲಲ್ಲ."

ಆ ಮನೆಯವರು ಕೆಟ್ಟವರಲ್ಲ. ಒಬ್ಬ ಬಾಣಂತಿಗೆ ಮಾಡಬೇಕಾದ್ದನ್ನೆಲ್ಲ ಒಂದೂ ಬಿಡದೆ ಮಾಡಿದ್ದರು. ಅದೇ ಕೋಣೆಯಲ್ಲಿ, ಐದಾರು ಅಡಿ ಮೇಲೆ, ಇನ್ನೊಂದು ಬಾಣಂತಿ ಇದೆ ಎನ್ನುವುದು ತಲೆಗೆ ಬಂದಿರಲಿಲ್ಲ, ಅಷ್ಟೇ.

ರಶ್ಮಿಯ ಮಾತಿನಿಂದ ನನಗೆ ಎರಡು ವಿಷಯ ಗೊತ್ತಾದವು. ತಾಯಿ ಹತ್ತಿರದಲ್ಲೇ ಇದೆ, ಒಳಗೆ ಬರಲು ಕಾಯುತ್ತಿದೆ. ಮತ್ತೆ, ಮರಿ ಮೂರಲ್ಲ, ನಾಲ್ಕು. ಆ ನಾಲ್ಕನೆಯದು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಅವಳು ಹೇಳದೆ ಇದ್ದಿದ್ದರೆ ನಾನು ಮೂರು ಮರಿ, ಒಂದು ತಾಯಿ ಹಿಡಿದು, ಕೆಲಸ ಚೆನ್ನಾಗಾಯಿತೆಂದು ಮನೆಗೆ ಹೋಗಿ ಉಂಡು ಮಲಗುತ್ತಿದ್ದೆ.

"ವೆಂಟಿಲೇಟರ್ ತೆಗೀಬೇಕು," ಎಂದೆ. "ಸಾಂಬ್ರಾಣಿ ಇವತ್ತು ಬ್ಯಾಡ."

"ಬೆಕ್ಕಿಗೋಸ್ಕರ ನನ್ನ ಮಗಳಿಗೆ ಶೀತ ಹಿಡಿಸ್ಲಾ?"

"ಮಗಳನ್ನ ನಡುಮನೆಗೆ ಹಾಕಿ. ಪರದೆ ಬಿಡಿ."

"ನಾನು ಹೋಗ್ತೀನಿ," ಎಂದು ರಶ್ಮಿ ಮಗುವನ್ನು ಎತ್ತಿಕೊಂಡು ಎದ್ದೇಬಿಟ್ಟಳು. ಮೂರ್ತಿಗಳು ದಿಂಬು ಎತ್ತಿಕೊಂಡು ಹಿಂದೆ ಓಡಿದರು.

ಇನ್ನು ಬೋನಿಗೆ ಏನಿಡುವುದು? ಮುನಿರಾಜು ಚೀಲದಿಂದ ಬಂಗುಡೆ ಮೀನಿನ ಡಬ್ಬಿ ತೆಗೆದ. ಪದ್ಮಮ್ಮ ಹಾವು ಕಂಡವರ ಹಾಗೆ ಹಿಂದೆ ಸರಿದರು. "ಅದನ್ನ ಮೊದಲು ಆಚೆಗೆ ಇಡಿ! ಇಷ್ಟು ವರ್ಷದಲ್ಲಿ ಈ ಹೊಸಿಲು ಆ ವಾಸನೆ ಕಂಡಿಲ್ಲ." ಡಬ್ಬಿ ವ್ಯಾನಿಗೆ ಹೋಯಿತು. "ಹಂಗಾದ್ರೆ ನಿಮ್ಮನೇಲಿ ಅದು ಏನ್ ತಿನ್ತಾ ಇತ್ತು ಅಮ್ಮಾವ್ರೆ?" ಎಂದೆ. ಅವರು ನಡುಮನೆಯ ಕಡೆ ಒಮ್ಮೆ ನೋಡಿ, ಗುಟ್ಟು ಹೇಳುವವರ ಹಾಗೆ ಹೇಳಿದರು, "ಬಾಣಂತಿಗೆ ಅಂತ ವಾರಕ್ಕೊಂದ್ಸಲ ಬೆಣ್ಣೆ ಕಾಯಿಸ್ತೀನಿ. ಅವತ್ತು ಹಿತ್ತಲ ಕಟ್ಟೆ ಮೇಲೆ ಕೂತಿರತ್ತೆ. ಪಾತ್ರೆ ತಳದಲ್ಲಿ ಕಂದು ಗಸಿ ಉಳಿಯತ್ತಲ್ಲ, ಅದನ್ನ ಅನ್ನದಲ್ಲಿ ಕಲಸಿ ಇಡ್ತಿದ್ದೆ. ಇವರಿಗೆ ಹೇಳಬೇಡಿ."

"ನಂಗೆ ಗೊತ್ತು ಕಣೇ," ಎಂದರು ಮೂರ್ತಿಗಳು ನಡುಮನೆಯಿಂದ.

ಬೆಣ್ಣೆ ಒಲೆಯೇರಿತು. ಮನೆ ತುಂಬ ತುಪ್ಪದ ಘಮ. ಮುನಿರಾಜು ರಟ್ಟು, ಬಟ್ಟೆ ಕಿತ್ತು ವೆಂಟಿಲೇಟರ್ ತೆರೆದ. ಅಟ್ಟದಲ್ಲಿ ಬೋನು ಇಟ್ಟು, ಅದರ ಕೊನೆಯಲ್ಲಿ ಅದೇ ಹಳೆಯ ಹಾಸಿಗೆಯ ತುಂಡಿನ ಮೇಲೆ ಎರಡು ಮರಿಗಳನ್ನು ಮಲಗಿಸಿ, ಬಾಗಿಲಿನ ಹತ್ತಿರ ತುಪ್ಪದ ಅನ್ನ ಇಟ್ಟ. ರಶ್ಮಿಯ ಫೋನನ್ನು ಅಲ್ಲೇ ಒರಗಿಸಿ, ಅಲ್ಲಿ ಕಾಣುವುದು ನನ್ನ ಫೋನಿನಲ್ಲಿ ಕಾಣುವಂತೆ ಮಾಡಿದ. ಇದು ಈಚಿನ ಪದ್ಧತಿ, ಬಹಳ ಒಳ್ಳೆಯದು. ಮುಂಚೆ ನಾವು ಏಣಿಯ ಮೇಲೆ ಉಸಿರು ಹಿಡಿದು ನಿಲ್ಲುತ್ತಿದ್ದೆವು. "ಅಂತೂ ಆ ಫೋನು ಅವಳ ಕೈ ಬಿಡ್ತಲ್ಲ," ಎಂದು ಪದ್ಮಮ್ಮನಿಗೆ ಸಮಾಧಾನ.

ಬೂದಿ ಮರಿಯನ್ನು ಬೋನಿನಲ್ಲಿ ಇಡುವಂತಿರಲಿಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ, ಅದಕ್ಕೆ ಒತ್ತಿ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ರಶ್ಮಿ ಕೈ ಚಾಚಿದಳು. ಪದ್ಮಮ್ಮ ಅವಳ ಕೈ ತಳ್ಳಿದರು. "ಮಗು ಮುಟ್ಟೋ ಕೈ ಅದು. ಇಲ್ಲಿ ಕೊಡಿ ನಂಗೆ. ಹೇಗೂ ಬೆಳಿಗ್ಗೆ ಎದ್ದು ತಲೆ ಮೇಲೆ ನೀರು ಹಾಕ್ಕೋಬೇಕು." ಮೂರ್ತಿಗಳ ಹಳೆಯ ಪಂಚೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ನಡುಮನೆಯ ಗೋಡೆಗೆ ಒರಗಿ ಕೂತರು.

ನಾನು ಕೋಣೆಯಲ್ಲಿ ಮಂಚದ ಹಿಂದೆ ನೆಲದ ಮೇಲೆ ಕೂತೆ, ಒಂದು ಕೈಯಲ್ಲಿ ದಾರ, ಒಂದು ಕೈಯಲ್ಲಿ ಫೋನು. ಮುನಿರಾಜುವನ್ನು ತಾರಸಿಗೆ ಕಳಿಸಿದೆ. ಮೂರ್ತಿಗಳು ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಇಟ್ಟು ನಿಂತರು.

ಮಧ್ಯಾಹ್ನ ಇಳಿಯಿತು. ಬೆಕ್ಕಿಗೆ ಕಾಯುವಾಗ ಮಾಡಬೇಕಾದ್ದು ಏನೂ ಇಲ್ಲ, ಕಷ್ಟ ಇರುವುದೇ ಅಲ್ಲಿ. ಮೊಣಕಾಲು ಹಿಡಿಯಿತು, ಸೊಳ್ಳೆ ಕಚ್ಚಿತು, ಅಲುಗಲಿಲ್ಲ. ಆಮೇಲೆ ವೆಂಟಿಲೇಟರಿನ ಬೆಳಕು ಕಪ್ಪಾಯಿತು. ತಾಯಿ ಬಂದಿತ್ತು. ಕಪ್ಪು ಬಿಳಿ ಪಟ್ಟೆ, ಸೊರಗಿದ ಮುಖ. ಅನ್ನವನ್ನು ಮೂಸಿತು, ತಿನ್ನಲಿಲ್ಲ. ಮರಿಗಳು ಕೂಗಿದವು. ನೇರ ಬೋನಿನೊಳಗೆ, ಕೊನೆಯವರೆಗೂ ಹೋಯಿತು. ನನ್ನ ಕೈಯಲ್ಲಿ ದಾರ ಇತ್ತು. ಎಳೆದಿದ್ದರೆ ಆ ಕ್ಷಣಕ್ಕೇ ಕೆಲಸ ಮುಗಿಯುತ್ತಿತ್ತು.

ಎಳೆಯಲಿಲ್ಲ. ತಾಯಿ ಒಂದು ಮರಿಯ ಕತ್ತು ಕಚ್ಚಿಕೊಂಡು ತಿರುಗಿ ಬಂದು, ವೆಂಟಿಲೇಟರ್ ಹಾರಿ ಹೋಯಿತು.

"ಏನ್ರೀ ಮಾಡಿದ್ರಿ ನೀವು!" ಮೂರ್ತಿಗಳು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. "ಒಳಗಿತ್ತಲ್ಲಾ! ನೀವು ಹಿಡಿಯೋಕೆ ಬಂದೋರೋ, ಬೀಳ್ಕೊಡೋಕೆ ಬಂದೋರೋ?"

ನಡುಮನೆಯಲ್ಲಿ ರಶ್ಮಿ ಬಿಕ್ಕುವುದು ಕೇಳಿಸಿತು. "ಹೋಗ್ಬಿಡ್ತಾ ಆಂಟಿ? ಮತ್ತೆ ಬರಲ್ವಾ?"

"ನಾಲ್ಕನೇದು ಎಲ್ಲೈತೆ ಅಂತ ಗೊತ್ತಿರೋದು ಅದಕ್ಕೊಂದಕ್ಕೇಯ. ಅದೇ ತೋರಿಸಬೇಕು ಸ್ವಾಮಿ," ಎಂದೆ. ಗಟ್ಟಿಯಾಗಿಯೇ ಹೇಳಿದೆ, ಆದರೆ ನನಗೇ ಖಾತ್ರಿ ಇರಲಿಲ್ಲ. ಇನ್ನೊಂದು ಮರಿಗೆ ಅದು ಬರದೆ ಹೋದರೆ? ಬೆಕ್ಕಿಗೆ ಲೆಕ್ಕ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅಳು ಕೇಳಿಸುತ್ತದೆ ಎಂದು ಗೊತ್ತು. ಉಳಿದದ್ದು ಒಂದೇ ಮರಿ, ಅದರ ಗಂಟಲು ಎಷ್ಟು ಹೊತ್ತು ತಡೆಯುತ್ತದೋ.

ಮುನಿರಾಜು ತಾರಸಿಯಿಂದ ಇಳಿದು ಬಂದ, ಮುಖ ಅರಳಿತ್ತು. "ಸಿಕ್ತು ಅಕ್ಕೋ! ಪಕ್ಕದ ಮನೆ ಹಿಂದ್ಗಡೆ ಹಳೇ ವಾಷಿಂಗ್ ಮಿಷನ್ ಮೂಲೆಗೆ ಹಾಕವ್ರೆ ನೋಡು, ಅದರೊಳಗೇ ಹೋಯ್ತು."

ಪಕ್ಕದ ಮನೆಯವರು ಊರಲ್ಲಿರಲಿಲ್ಲ, ಗೇಟಿಗೆ ಬೀಗ. ಗಿಡಗಳಿಗೆ ನೀರು ಹಾಕಲೆಂದು ಬೀಗದ ಕೈ ಮೂರ್ತಿಗಳ ಹತ್ತಿರವೇ ಇತ್ತು. ಅಷ್ಟರಲ್ಲಿ ಮುಂಬಾಗಿಲ ಬೆಲ್ ಆಯಿತು. ಚೀಲದವನು ಬಂದಿದ್ದ. "ಎಲ್ಲಿ ಸಾರ್ ಮರಿ? ಬೇಗ ಕೊಡಿ, ಇನ್ನೊಂದ್ ಕಡೆ ಹೋಗ್ಬೇಕು."

ಮೂರ್ತಿಗಳು ಒಮ್ಮೆ ಅವನ ಚೀಲ ನೋಡಿದರು. ಒಮ್ಮೆ ಹೆಂಡತಿಯ ಮಡಿಲಲ್ಲಿದ್ದ ತಮ್ಮ ಪಂಚೆಯ ಗಂಟು ನೋಡಿದರು. "ಮರಿ ಇಲ್ಲಪ್ಪ ಇಲ್ಲಿ. ನೀನು ಹೋಗು," ಎಂದು ಬಾಗಿಲು ಹಾಕಿ, ಬೀಗದ ಕೈ ತೆಗೆದುಕೊಂಡು ಮುನಿರಾಜುವಿನ ಜೊತೆ ಪಕ್ಕದ ಮನೆಗೆ ಹೊರಟರು. "ತಾಯಿ ಬಿದ್ದ ಸದ್ದು ಕೇಳೋವರ್ಗೂ ಮಿಷನ್ ಹತ್ರ ಹೋಗಬೇಡಿ" ಎಂದು ಕೂಗಿ ಹೇಳಿದೆ. "ಗೊತ್ತಾಯ್ತು ಬಿಡ್ರೀ" ಎಂದರು.

ದೀಪ ಹಚ್ಚುವ ಹೊತ್ತಾಯಿತು. ಪದ್ಮಮ್ಮ ಏಳಲಿಲ್ಲ. "ದೇವರು ಒಂದಿನ ಕತ್ತಲಲ್ಲಿ ಕೂತರೆ ಏನೂ ಆಗಲ್ಲ" ಎಂದದ್ದು ನನಗೆ ಪರದೆಯ ಈಚೆಗೆ ಕೇಳಿಸಿತು. ಬೋನಿನಲ್ಲಿದ್ದ ಒಂಟಿ ಮರಿ ಕೂಗುವುದನ್ನು ನಿಲ್ಲಿಸಿತ್ತು. ನಾನು ನಂಬಿದ ದೇವರನ್ನೆಲ್ಲ ಬೈದುಕೊಂಡೆ. ಆಗ ನಡುಮನೆಯಲ್ಲಿ ರಶ್ಮಿಯ ಮಗು ಎದ್ದು ಚೀರಿತು. ಆ ಚೀರಾಟಕ್ಕೆ ಎಚ್ಚರವಾಗಿ ಅಟ್ಟದ ಮರಿಯೂ ಶುರು ಮಾಡಿತು. ರಶ್ಮಿ ಮಗುವನ್ನು ಸುಮ್ಮನಿರಿಸಲು ಹೋದಳು. "ಅಳ್ಲಿ ಬಿಡೇ," ಎಂದರು ಪದ್ಮಮ್ಮ.

ವೆಂಟಿಲೇಟರಿನಲ್ಲಿ ಎರಡು ಕಣ್ಣು ಹೊಳೆದವು. ತಾಯಿ ಈ ಸಲ ನಿಂತು ನೋಡಲೂ ಇಲ್ಲ, ಮನೆಗೆ ಬಂದವರ ಹಾಗೆ ಬೋನಿನೊಳಗೆ ನಡೆದು ಮರಿಯನ್ನು ನೆಕ್ಕಲು ಕೂತಿತು. ದಾರ ಎಳೆದೆ.

ಬಾಗಿಲು ಬಿದ್ದ ಸದ್ದಿಗೆ ಪಕ್ಕದ ಮನೆಯಿಂದ "ಬನ್ನಿ ಬನ್ನಿ" ಎಂದು ಮೂರ್ತಿಗಳು ಮುನಿರಾಜುವನ್ನು ಕರೆದದ್ದು ಕೇಳಿಸಿತು. ಏಣಿ ಹತ್ತಿ ಬೋನಿಗೆ ಬೆಡ್‌ಶೀಟು ಮುಚ್ಚಿದೆ. ತಾಯಿ ಉಗುರು ಹಾಕಿತು, ಉಗಿಯಿತು, ಆಮೇಲೆ ಕತ್ತಲಾದದ್ದಕ್ಕೆ ಸುಮ್ಮನಾಯಿತು. ಮೂರ್ತಿಗಳು ಅಂಗಿಯ ಮುಂಭಾಗವನ್ನು ಜೋಳಿಗೆ ಮಾಡಿ ಎರಡು ಮರಿ ತಂದರು. ಹಿಂದಿನ ದಿನ ತಾಯಿ ಒಯ್ದಿದ್ದ ಮರಿ ರವೆ ಉಂಡೆಯ ಹಾಗಿತ್ತು, ಹೊಟ್ಟೆ ಬಿರಿಯೆ ಕುಡಿದಿತ್ತು. ಅದರ ಪಕ್ಕದಲ್ಲಿ ಪದ್ಮಮ್ಮನ ಮಡಿಲಿನ ಬೂದಿ ಮರಿ ಅರ್ಧ ಕೂಡ ಇರಲಿಲ್ಲ. ಆದರೆ ಬೆಚ್ಚಗಾಗಿತ್ತು, ಬಾಯಿ ಆಡಿಸುತ್ತಿತ್ತು. ಅದನ್ನು ಕೊಡುವಾಗ ಪದ್ಮಮ್ಮ "ಪಂಚೆ ವಾಪಸ್ ಬೇಡ" ಎಂದರು. ರಶ್ಮಿ ಮಾತ್ರ ವ್ಯಾನಿನವರೆಗೂ ಬರುತ್ತೇನೆಂದು ಹಟ ಹಿಡಿದಳು. ಅವಳನ್ನು ಯಾರೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಬಾಣಂತಿ ಬಾಣಂತಿಯೇ.

ತಾಯಿ, ನಾಲ್ಕು ಮರಿ, ಒಂದೇ ವ್ಯಾನು. ಮೂರು ಮರಿ ಶೆಡ್ಡಿಗೆ ಹೋದ ಕೂಡಲೇ ತಾಯಿಯ ಹೊಟ್ಟೆಗೆ ಅಂಟಿದವು. ಬೂದಿಯದಕ್ಕೆ ಎಳೆಯುವ ಶಕ್ತಿ ಇರಲಿಲ್ಲ, ಪಕ್ಕಕ್ಕೆ ಬಿದ್ದುಕೊಂಡಿತು. ಡಾಕ್ಟರ್ ಮೇಡಂ ಮನೆಗೆ ಹೋಗದೆ ಅದರ ಜೊತೆ ಕೂತರು. ನನ್ನನ್ನು ಮಾತ್ರ ಕಳಿಸಿದರು, "ಇವತ್ತು ನಿಮ್ಮ ಪಾಲು ಮುಗೀತು ನಂಜಮ್ಮ" ಎಂದು.

ನಾನು ಹಿಡಿದ ತಾಯಿಗಳಲ್ಲಿ ಹೆಚ್ಚಿನವು ನನ್ನ ಜಾಣತನದಿಂದ ಸಿಕ್ಕವಲ್ಲ. ತಾಟಿಗೆ ಚಮಚ ಬಡಿದವಳು, ಅಟ್ಟದ ಕಡೆ ನೋಡುತ್ತ ಮಲಗಿದ್ದವಳು, ಯಾರಿಗೂ ಹೇಳದೆ ತುಪ್ಪದ ಅನ್ನ ಇಟ್ಟವರು, ಇಂಥವರ ಕಣ್ಣಿನಿಂದ ಸಿಕ್ಕವು. ಅವರಿಗೆ ಗೊತ್ತಿತ್ತು, ನಾನು ಕೇಳಿದೆ. ನನಗೆ ಅನ್ನ ಕೊಟ್ಟದ್ದು ಅದು. ಹುಡುಗಿಯರೇ, ಯಾವ ಮನೆಗೆ ಹೋದರೂ ಮೊದಲು ಬೆಕ್ಕನ್ನು ಹುಡುಕಬೇಡಿ, ಆ ಮನೆಯಲ್ಲಿ ಅದನ್ನು ನೋಡುತ್ತ ಇದ್ದವರು ಯಾರು ಎಂದು ಹುಡುಕಿ. ಅವರ ಮಾತು ಪೂರ್ತಿ ಕೇಳುವ ತನಕ ದಾರಕ್ಕೆ ಕೈ ಹಾಕಬೇಡಿ.

ಮರುದಿನ ಬೆಳಿಗ್ಗೆ ನಾನು ಶೆಡ್ಡಿಗೆ ಕಾಲಿಡುವಷ್ಟರಲ್ಲಿ ಫೋನ್ ಬಂತು. ಹಿಂದೆ ನಾಗಸ್ವರದ ಕ್ಯಾಸೆಟ್ಟು, ನೆಂಟರ ಗಲಾಟೆ, ಪದ್ಮಮ್ಮ ಯಾರನ್ನೋ ಬೈಯುತ್ತಿದ್ದರು.

"ಆಂಟಿ, ನಾಲ್ಕೂ ಕುಡೀತಿವೆಯಾ?" ಎಂದಳು ರಶ್ಮಿ.

ನಾನು ಪಂಜರದ ಬಟ್ಟೆಯ ಮೂಲೆ ಎತ್ತಿದೆ. ತಾಯಿ ನನ್ನನ್ನು ನೋಡಿ ಉಗಿಯಿತು.

"ಕುಡೀತಾ ಅವೆ."

"ಆ ಬೂದಿದು?"

"ಅದೇಯ ಎಲ್ಲರ್ನೂ ತುಳಕೊಂಡು ಮುಂದೆ ನುಗ್ಗೈತೆ."

ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು.

"ಸರಿ, ಇಡಿ ಆಂಟಿ. ನಮ್ಮದೂ ಎದ್ದಿದೆ, ಹಸಿವಾಗಿದೆ ಅದಕ್ಕೆ."